ಬಸವನಗುಡಿ ಎರಡು ಮನಸ್ಸಿನಿಂದ ಓಟು ಹಾಕುತ್ತಿದ್ದ ಕಾಲ

ಚುನಾವಣೆ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಲೆಕ್ಕ ಬಂದೇ ಬರುತ್ತದೆ. ಒಕ್ಕಲಿಗರು ಇಷ್ಟು, ಲಿಂಗಾಯತರು ಇಷ್ಟು, ಕುರುಬರು ಇಷ್ಟು, ಪರಿಶಿಷ್ಟರು ಇಷ್ಟು, ಮುಸ್ಲಿಮರು ಇಷ್ಟು. ಅದರ ಕೆಳಗೆ ಎರಡು ಸಾಲು ವಿಶ್ಲೇಷಣೆ. ನಮ್ಮೂರು ಯಾಕೆ ಹೀಗೆ ಓಟು ಹಾಕಿತು ಎಂಬುದಕ್ಕೆ ಅಷ್ಟೇ ಉತ್ತರ. ಅದೇ ಪತ್ರಿಕೆಯ ಬೆಂಗಳೂರು ಪುಟಕ್ಕೆ ಹೊರಳಿದರೆ ಭಾಷೆಯೇ ಬೇರೆ. ಬಸವನಗುಡಿ 'ಪ್ರಜ್ಞಾವಂತರ ಕ್ಷೇತ್ರ', ಮಲ್ಲೇಶ್ವರ 'ಸುಶಿಕ್ಷಿತರ ಕ್ಷೇತ್ರ'. ಅಲ್ಲಿ ಜಾತಿ ಇಲ್ಲ, ದುಡ್ಡಿಲ್ಲ, ಬರೀ ವಿಚಾರ. ಪಕ್ಕದ ಚಾಮರಾಜಪೇಟೆಗೆ ಬಂದ ಕೂಡಲೇ ಮತ್ತೆ ಆ ಲೆಕ್ಕದ ಪಟ್ಟಿ ವಾಪಸ್ಸು!

ಗ್ರಾಮೀಣ ಪತ್ರಿಕೋದ್ಯಮ ಓದಿ, ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದವರು ನಾವು. ನಮ್ಮಲ್ಲಿ ಅರ್ಧ ಜನ ಹನುಮಂತನಗರ, ಶ್ರೀನಗರದ ಕಡೆ ಬಾಡಿಗೆಗಿದ್ದೇವೆ, ಉಳಿದವರು ಯಶವಂತಪುರದ ಕಡೆ. ಗಾಂಧಿ ಬಜಾರಿನಲ್ಲೇ ಹೂವು ಕೊಳ್ಳುತ್ತೇವೆ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೇ ಹಬ್ಬದ ಬಟ್ಟೆ ತೆಗೆಯುತ್ತೇವೆ. ಪಾವಗಡವನ್ನೂ ಹೊಸದುರ್ಗವನ್ನೂ ನಮ್ಮ ಹಿರಿಯ ಸಂಪಾದಕರು ಯಾವ ಕನ್ನಡಕ ಹಾಕಿ ಓದುತ್ತಾರೋ, ಅದೇ ಕನ್ನಡಕ ಹಾಕಿ ಈ ಮೂರು ಹಳೇ ಬಡಾವಣೆಗಳನ್ನು ಒಮ್ಮೆ ಓದಿದರೆ ಹೇಗೆ ಎಂಬ ಮಾತು ನಮ್ಮೊಳಗೆ ಬಹಳ ದಿನದಿಂದ ಇತ್ತು. ಓದಿ ನೋಡಿದಾಗ ಕಂಡದ್ದು ಜಾತಿ ಲೆಕ್ಕಕ್ಕಿಂತ ಸ್ವಾರಸ್ಯದ ಸಂಗತಿ. ಈ ಕ್ಷೇತ್ರಗಳನ್ನು ಎಲ್ಲರೂ 'ಭದ್ರಕೋಟೆ' ಎನ್ನುತ್ತಾರೆ. ಕೋಟೆ ಹೌದು. ಆದರೆ ಅದು ತೀರ ಹೊಸ ಕೋಟೆ.

ಮೊದಲು ದಿಲ್ಲಿಗೆ ಹಾಕಿದ ಓಟು ನೋಡೋಣ. ನಮ್ಮ ದೇಶದಲ್ಲಿ ರಾಷ್ಟ್ರಪತಿಗೆ ಜನ ನೇರವಾಗಿ ಓಟು ಹಾಕುವುದಿಲ್ಲ. ಲೋಕಸಭೆಯ ಓಟೇ ಈಗೀಗ ಪ್ರಧಾನಿಯ ಹೆಸರಿಗೆ ಬೀಳುವ ಓಟಾಗಿದೆ. ತುರ್ತುಪರಿಸ್ಥಿತಿ ಮುಗಿದು 1977ರಲ್ಲಿ ಚುನಾವಣೆ ನಡೆದಾಗ ಉತ್ತರ ಭಾರತದಲ್ಲಿ ಇಂದಿರಾ ಗಾಂಧಿ ಕೊಚ್ಚಿಹೋದರು. ಕರ್ನಾಟಕದಲ್ಲಿ ಮಾತ್ರ ಕಾಂಗ್ರೆಸ್ 28ರಲ್ಲಿ 26 ಗೆದ್ದಿತು. ದೇವರಾಜ ಅರಸು ಅವರ ಭೂಸುಧಾರಣೆಯಲ್ಲಿ ಹೊಲ ಸಿಕ್ಕ, ಸಿಗುವ ಆಸೆ ಇದ್ದ ಹಳ್ಳಿಗಳು ತುರ್ತುಪರಿಸ್ಥಿತಿಯನ್ನು ಬೇರೆ ತೂಕದಲ್ಲಿ ತೂಗಿದ್ದವು. ಸೋತ ಎರಡು ಸ್ಥಾನಗಳಲ್ಲಿ ಒಂದು ಬೆಂಗಳೂರು ದಕ್ಷಿಣ. ಅಲ್ಲಿ ಗೆದ್ದವರು ಕೆ.ಎಸ್. ಹೆಗ್ಡೆ. 1973ರಲ್ಲಿ ಕೇಶವಾನಂದ ಭಾರತಿ ತೀರ್ಪು ಬಂದ ಬೆನ್ನಿಗೇ ಹಿರಿತನ ಕಡೆಗಣಿಸಿ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪಿಸಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಬಂದ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು. ಮುಂದೆ ಲೋಕಸಭೆಯ ಸ್ಪೀಕರ್ ಆದರು.

1980ರಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28ರಲ್ಲಿ 27 ಬಾಚಿಕೊಂಡಿತು. ಕೈಗೆ ಸಿಗದೆ ಉಳಿದ ಆ ಒಂದೇ ಒಂದು ಸ್ಥಾನ ಮತ್ತೆ ಬೆಂಗಳೂರು ದಕ್ಷಿಣ, ಜನತಾ ಪಕ್ಷದ ಟಿ.ಆರ್. ಶಾಮಣ್ಣ. 1984ರಲ್ಲಿ ಇಂದಿರಾ ಹತ್ಯೆಯ ಅನುಕಂಪದ ಅಲೆಯಲ್ಲಿ ಕಾಂಗ್ರೆಸ್ 24 ಗೆದ್ದಾಗಲೂ ದಕ್ಷಿಣದಲ್ಲಿ ಗೆದ್ದದ್ದು ಜನತಾ ಪಕ್ಷದ ವಿ.ಎಸ್. ಕೃಷ್ಣ ಅಯ್ಯರ್. 1989ರಲ್ಲಿ ಜನತಾ ಪರಿವಾರ ಇಲ್ಲಿ ಒಡೆದು ಹೋಳಾಗಿತ್ತು. ಆ ಸಲ ಗೆದ್ದವರು ಕಾಂಗ್ರೆಸ್ಸಿನ ಆರ್. ಗುಂಡೂರಾವ್. ಅರಸು ಸಂಪುಟದಲ್ಲಿ ತುರ್ತುಪರಿಸ್ಥಿತಿಯ ಕಾಲಕ್ಕೆ ಸಚಿವರಾಗಿದ್ದವರು, ಗೋಕಾಕ್ ಚಳವಳಿಯ ಬಿಸಿ ತಟ್ಟಿದ ಮುಖ್ಯಮಂತ್ರಿ. ಅವರನ್ನು ಆರಿಸಿದ್ದೂ ಇದೇ 'ಪ್ರಜ್ಞಾವಂತ' ಕ್ಷೇತ್ರ. 1991ರಲ್ಲಿ ಬಿಜೆಪಿಯಿಂದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಕೆ. ವೆಂಕಟಗಿರಿಗೌಡ ಗೆದ್ದರು. 1996ರಿಂದ 2014ರವರೆಗೆ ಸತತ ಆರು ಸಲ ಅನಂತಕುಮಾರ್. 2018ರ ನವೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ 2019 ಮತ್ತು 2024ರಲ್ಲಿ ತೇಜಸ್ವಿ ಸೂರ್ಯ.

ಅಂದರೆ 1977ರಿಂದ ಈವರೆಗೆ 13 ಲೋಕಸಭಾ ಚುನಾವಣೆ, ಕಾಂಗ್ರೆಸ್ ಗೆದ್ದದ್ದು ಒಂದೇ ಸಲ. ಇದನ್ನು ತೋರಿಸಿ 'ನೋಡಿ, ಮೊದಲಿನಿಂದಲೂ ಬಿಜೆಪಿ ನೆಲ' ಎನ್ನುವವರಿದ್ದಾರೆ. ಅವರು ಒಂದು ವಿಷಯ ಮರೆಯುತ್ತಾರೆ. ಮೊದಲ ಮೂರು ಗೆಲುವು ಜನತಾ ಪಕ್ಷದ್ದು. ಇಲ್ಲಿ ಗಟ್ಟಿಯಾಗಿದ್ದದ್ದು ಕಾಂಗ್ರೆಸ್ ವಿರೋಧ. ಆ ವಿರೋಧ ಯಾವ ಪಾತ್ರೆಯಲ್ಲಿ ಕೂರುತ್ತದೆ ಎಂಬುದು ಕಾಲಕಾಲಕ್ಕೆ ಬದಲಾಗಿದೆ. ಜೊತೆಗೆ ಗೆಲುವಿನ ಅಂತರ ನೋಡಿ. 2009ರಲ್ಲಿ ಅನಂತಕುಮಾರ್ ಅವರು ಕೃಷ್ಣ ಬೈರೇಗೌಡರ ವಿರುದ್ಧ ಗೆದ್ದದ್ದು ಸುಮಾರು 37 ಸಾವಿರ ಓಟಿನಿಂದ. ಇಷ್ಟು ದೊಡ್ಡ ನಗರ ಕ್ಷೇತ್ರದಲ್ಲಿ ಅದು ಕೂದಲೆಳೆ. ಐದೇ ವರ್ಷಕ್ಕೆ, ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ನಂದನ್ ನಿಲೇಕಣಿ ಎದುರಿಗಿದ್ದಾಗ ಅಂತರ 2.28 ಲಕ್ಷಕ್ಕೆ ಜಿಗಿಯಿತು. 2019ರಲ್ಲಿ 3.31 ಲಕ್ಷ, 2024ರಲ್ಲಿ 2.77 ಲಕ್ಷ. ಕೋಟೆ ಕಟ್ಟಿದ್ದು ಈ ಹತ್ತು ಹದಿನೈದು ವರ್ಷದಲ್ಲಿ.

ಇನ್ನು ಎಂಎಲ್ಎ ಓಟು. ಇಲ್ಲಿ ಕಥೆ ಪೂರ್ತಿ ಬೇರೆ.

1985ರ ಮಾರ್ಚಿನಲ್ಲಿ ರಾಮಕೃಷ್ಣ ಹೆಗಡೆ ವಿಧಾನಸಭೆಗೆ ಆರಿಸಿಬಂದದ್ದು ಬಸವನಗುಡಿಯಿಂದ. ಮೂರು ತಿಂಗಳ ಹಿಂದೆ ಲೋಕಸಭೆಗೆ ಕಾಂಗ್ರೆಸ್ಸಿಗೆ ಸುರಿದ ರಾಜ್ಯ ಈಗ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟಿತು. ದೇಶದ ರಾಜಕೀಯ ಪಂಡಿತರೆಲ್ಲ ಕರ್ನಾಟಕದ ಮತದಾರನ ಜಾಣತನಕ್ಕೆ ತಲೆದೂಗಿದ್ದು ಆಗಲೇ. ದಿಲ್ಲಿಗೆ ಒಬ್ಬರು, ವಿಧಾನಸೌಧಕ್ಕೆ ಇನ್ನೊಬ್ಬರು. ಈ ಜಾಣತನ ಬಿಜಾಪುರದ ರೈತನಲ್ಲೂ ಇತ್ತು, ಬಸವನಗುಡಿಯ ಬ್ಯಾಂಕ್ ನೌಕರನಲ್ಲೂ ಇತ್ತು.

1994ರಲ್ಲಿ ಮಲ್ಲೇಶ್ವರ ಜನತಾದಳದಿಂದ ನಟ ಅನಂತನಾಗ್ ಅವರನ್ನು ಕಳಿಸಿತು. ಜೆ.ಎಚ್. ಪಟೇಲರ ಸಂಪುಟದಲ್ಲಿ ಅವರು ಸಚಿವರೂ ಆದರು. ಅದೇ ವರ್ಷ ಚಾಮರಾಜಪೇಟೆ ಆರಿಸಿದ್ದು ಯಾರನ್ನು ಗೊತ್ತೇ? ಬಿಜೆಪಿಯ ಪ್ರಮೀಳಾ ನೇಸರ್ಗಿ ಅವರನ್ನು. ಈಗ 'ಚಾಮರಾಜಪೇಟೆಯಲ್ಲಿ ಬಿಜೆಪಿಗೆ ಏನೂ ಇಲ್ಲ' ಎಂದು ಒಂದೇ ಉಸಿರಿಗೆ ಬರೆಯುವವರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

1999 ಮತ್ತು 2004ರಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ ನಡೆಯಿತು. ಒಂದೇ ಸಾಲಿನಲ್ಲಿ ನಿಂತು, ಒಂದೇ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಎರಡು ಓಟು. 1999ರಲ್ಲಿ ದಕ್ಷಿಣದಿಂದ ಲೋಕಸಭೆಗೆ ಬಿಜೆಪಿಯ ಅನಂತಕುಮಾರ್ ಹೋದರು. ವಿಧಾನಸಭೆಗೆ ಚಾಮರಾಜಪೇಟೆಯಿಂದ ಕಾಂಗ್ರೆಸ್ಸಿನ ಆರ್.ವಿ. ದೇವರಾಜ್, ಮಲ್ಲೇಶ್ವರದಿಂದ ಕಾಂಗ್ರೆಸ್ಸಿನ ಎಂ.ಆರ್. ಸೀತಾರಾಂ. 2004ರಲ್ಲಿ ಮತ್ತೆ ದಕ್ಷಿಣಕ್ಕೆ ಅನಂತಕುಮಾರ್. ಆದರೆ ಅದೇ ದಿನ ಬಸವನಗುಡಿಯಿಂದ ಕಾಂಗ್ರೆಸ್ಸಿನ ಕೆ. ಚಂದ್ರಶೇಖರ್, ಚಾಮರಾಜಪೇಟೆಯಿಂದ ಸ್ವತಃ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ. ಕೃಷ್ಣ ಎದುರಿಗೆ ಜೆಡಿಎಸ್‌ನಿಂದ ನಿಂತು ಸೋತವರು ಮಲ್ಲೇಶ್ವರದ ಮಾಜಿ ಶಾಸಕ ಅನಂತನಾಗ್. ಉತ್ತರ ಕ್ಷೇತ್ರದಲ್ಲಿ ಏಳು ಸಲ ಗೆದ್ದಿದ್ದ ಜಾಫರ್ ಷರೀಫ್ ಅವರನ್ನು ಬಿಜೆಪಿಯ ಎಚ್.ಟಿ. ಸಾಂಗ್ಲಿಯಾನ ಆ ದಿನವೇ ಸೋಲಿಸಿದರು, ಮಲ್ಲೇಶ್ವರ ಮಾತ್ರ ಸೀತಾರಾಂ ಅವರನ್ನೇ ಉಳಿಸಿಕೊಂಡಿತು. ಪೊಲೀಸ್ ಅಧಿಕಾರಿಯೂ ಸಿನಿಮಾ ನಟನೂ ಮುಖ್ಯಮಂತ್ರಿಯೂ ಒಂದೇ ನಗರದ ಒಂದೇ ದಿನದ ಚುನಾವಣೆಯಲ್ಲಿ! ಅಂಥ ರಂಗು ಈಗ ಎಲ್ಲಿದೆ?

ಇದಿಷ್ಟೂ 2004ರ ಮಾತು, ಪುರಾಣವೇನಲ್ಲ. ಆಗ ಬಸವನಗುಡಿಯಲ್ಲಿ ಮೊದಲ ಓಟು ಹಾಕಿದವರಿಗೆ ಈಗಿನ್ನೂ ನಲವತ್ತು.

2008ರಿಂದ ಈಚೆಗೆ ಬಸವನಗುಡಿಯಲ್ಲಿ ಎಲ್.ಎ. ರವಿಸುಬ್ರಹ್ಮಣ್ಯ ಸತತ ನಾಲ್ಕು ಸಲ, ಮಲ್ಲೇಶ್ವರದಲ್ಲಿ ಡಾ. ಸಿ.ಎನ್. ಅಶ್ವತ್ಥನಾರಾಯಣ ಸತತ ನಾಲ್ಕು ಸಲ ಗೆದ್ದಿದ್ದಾರೆ. ಇಬ್ಬರೂ ಬಿಜೆಪಿ. 2013ರಲ್ಲಿ ಬಿಜೆಪಿ ರಾಜ್ಯದಲ್ಲಿ 40ಕ್ಕೆ ಕುಸಿದಾಗಲೂ ಇವೆರಡು ಅಲುಗಲಿಲ್ಲ. ಚಾಮರಾಜಪೇಟೆಯಲ್ಲಿ ಕೃಷ್ಣ ಮಹಾರಾಷ್ಟ್ರದ ರಾಜ್ಯಪಾಲರಾಗಿ ಹೋದ ಮೇಲೆ 2005ರ ಉಪಚುನಾವಣೆಯಲ್ಲಿ ಗೆದ್ದ ಜಮೀರ್ ಅಹ್ಮದ್ ಖಾನ್ ಅಲ್ಲಿಂದ ಈಚೆಗೆ ಒಮ್ಮೆಯೂ ಸೋತಿಲ್ಲ. ಮೂರು ಸಲ ಜೆಡಿಎಸ್‌ನಿಂದ, ಎರಡು ಸಲ ಕಾಂಗ್ರೆಸ್‌ನಿಂದ. ಗಮನಿಸಿ, ಅಲ್ಲಿ ಚಿಹ್ನೆ ಬದಲಾದರೂ ಆಳು ಬದಲಾಗಲಿಲ್ಲ. ಬಸವನಗುಡಿಯಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಂದೇ ಚಿಹ್ನೆ ಸಾಕು. (ಸಂಸದ ತೇಜಸ್ವಿ ಸೂರ್ಯ ಬಸವನಗುಡಿ ಶಾಸಕರ ಅಣ್ಣನ ಮಗನೋ ತಮ್ಮನ ಮಗನೋ ಎಂದು ಹಳ್ಳಿಯಲ್ಲಾದರೆ ಜಗಲಿ ಮೇಲೆ ಚರ್ಚೆಯಾಗುತ್ತಿತ್ತು. ಹೊಳೆನರಸೀಪುರದ ಮನೆತನದ ಬಗ್ಗೆ ಪುಟಗಟ್ಟಲೆ ಬರೆಯುವವರು ಇಲ್ಲಿ ಸುಮ್ಮನಾಗುತ್ತಾರೆ.)

ಏನಾಯಿತು 2008ರಲ್ಲಿ? ಮೊದಲನೆಯದು ಕ್ಷೇತ್ರ ಮರುವಿಂಗಡಣೆ. 2001ರ ಜನಗಣತಿ ಹಿಡಿದು ಗೆರೆ ಹೊಸದಾಗಿ ಎಳೆದರು. ಬೆಂಗಳೂರಿನ ವಿಧಾನಸಭಾ ಸ್ಥಾನಗಳು 28ಕ್ಕೆ ಏರಿದವು. ಒಟ್ಟು 224 ಹಾಗೇ ಉಳಿದಿದ್ದರಿಂದ ನಗರಕ್ಕೆ ಹೆಚ್ಚಾದದ್ದು ಎಲ್ಲೋ ಕಡಿಮೆಯಾಗಲೇಬೇಕಿತ್ತು. ಕನಕಪುರ ಸೀಮೆಯ ಸಾತನೂರು, ಮಂಡ್ಯದ ಕಿರುಗಾವಲು ಮತ್ತು ಕೆರಗೋಡು, ತಿ. ನರಸೀಪುರದ ಪಕ್ಕದ ಬನ್ನೂರು, ಇವೆಲ್ಲ ಭೂಪಟದಿಂದ ಅಳಿದುಹೋದ ಕ್ಷೇತ್ರಗಳು. ನಮ್ಮ ಕಡೆಯವರು ಎಂಎಲ್ಎ ಮನೆಗೆ ನಡೆದುಹೋಗುತ್ತಿದ್ದ ಊರುಗಳು ಈಗ ಬಸ್ಸು ಹತ್ತಬೇಕು. ನಗರದೊಳಗೆ ಬಿನ್ನಿಪೇಟೆ ಎಂಬ ಕ್ಷೇತ್ರವೇ ಹೋಯಿತು. ಚಾಮರಾಜಪೇಟೆಯ ಈಗಿನ ಗಡಿಯೊಳಗೆ ಪಾದರಾಯನಪುರ, ಜಗಜೀವನರಾಮನಗರ ಎಲ್ಲ ಸೇರಿವೆ. ಲೋಕಸಭೆಗೆ ಬೆಂಗಳೂರು ಕೇಂದ್ರ ಎಂಬ ಹೊಸ ಕ್ಷೇತ್ರ ಹುಟ್ಟಿತು. ಪರಿಣಾಮ ಏನೆಂದರೆ, 1892ರಲ್ಲಿ ಹುಟ್ಟಿದ ಚಾಮರಾಜಪೇಟೆ, ಪ್ಲೇಗಿನ ಬೆನ್ನಿಗೆ 1898ರಲ್ಲಿ ಹಾಕಿದ ಬಸವನಗುಡಿ, ಮಲ್ಲೇಶ್ವರ, ಈ ಮೂರೂ ಇವತ್ತು ಮೂರು ಬೇರೆ ಬೇರೆ ಲೋಕಸಭಾ ಕ್ಷೇತ್ರಗಳಲ್ಲಿವೆ. ಬಸವನಗುಡಿ ದಕ್ಷಿಣಕ್ಕೆ, ಚಾಮರಾಜಪೇಟೆ ಕೇಂದ್ರಕ್ಕೆ, ಮಲ್ಲೇಶ್ವರ ಉತ್ತರಕ್ಕೆ. ಸಾಲದ್ದಕ್ಕೆ ಈಗ ರಾಮನಗರ ಜಿಲ್ಲೆಗೂ 'ಬೆಂಗಳೂರು ದಕ್ಷಿಣ' ಎಂದೇ ಹೆಸರಿಟ್ಟಿದ್ದಾರೆ, ಮುಂದೆ ವರದಿ ಬರೆಯುವವರ ಗತಿ ದೇವರೇ ಬಲ್ಲ.

ಆದ್ದರಿಂದ 1994ರ ಚಾಮರಾಜಪೇಟೆಯನ್ನೂ 2023ರ ಚಾಮರಾಜಪೇಟೆಯನ್ನೂ ಪಕ್ಕಪಕ್ಕ ಇಟ್ಟು 'ಜನ ಬದಲಾದರು' ಎನ್ನುವಂತಿಲ್ಲ. ಹೆಸರು ಒಂದೇ, ನೆಲ ಬೇರೆ. ಅಮೆರಿಕದಲ್ಲಿ ಈ ಲೆಕ್ಕ ಸುಲಭ. ಅಲ್ಲಿ ಕೌಂಟಿ ಎಂಬುದು ನಮ್ಮ ತಾಲ್ಲೂಕು ಜಿಲ್ಲೆಗಳ ನಡುವಿನ ಒಂದು ಘಟಕ, ಗಡಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕೆಂಟಕಿ ರಾಜ್ಯದಲ್ಲಿ ಎಲಿಯಟ್ ಎಂಬ ಪುಟ್ಟ ಹಳ್ಳಿಗಾಡಿನ ಕೌಂಟಿ ಇದೆ. 1869ರಲ್ಲಿ ಹುಟ್ಟಿದ ದಿನದಿಂದ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಡೆಮಾಕ್ರಟಿಕ್ ಪಕ್ಷಕ್ಕೇ ಓಟು ಹಾಕಿದ್ದ ಅದು 2016ರಲ್ಲಿ ಮೊದಲ ಸಲ ಟ್ರಂಪ್ ಕಡೆ ತಿರುಗಿತು. ಸುದ್ದಿಗಾರರು ಅಲ್ಲಿಗೆ ಹೋಗಿ 'ಯಾಕೆ' ಎಂದು ಮನೆ ಮನೆ ಕೇಳಿದರು. ನಮ್ಮಲ್ಲಿ ಗೆರೆಯೇ ಜಾರುತ್ತಿರುವಾಗ ಕೇಳುವ ಪ್ರಶ್ನೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಜನರ ಮನಸ್ಸು ಎಷ್ಟು ಬದಲಾಯಿತು, ಗೆರೆ ಎಷ್ಟು ಬದಲಾಯಿಸಿತು ಎಂದು ಎರಡನ್ನೂ ಬಿಡಿಸಿ ನೋಡಬೇಕು.

ಎರಡನೆಯ ಕಾರಣ ಜನತಾ ಪರಿವಾರ ಈ ಭಾಗದಲ್ಲಿ ಕರಗಿಹೋದದ್ದು. ಕಾಂಗ್ರೆಸ್ ಬೇಡ, ಆದರೆ ಬಿಜೆಪಿಯೂ ಒಗ್ಗದು ಎನ್ನುವ ಮಧ್ಯಮ ವರ್ಗದ ಮನೆಯೊಂದು ಇಲ್ಲಿ ಇತ್ತು. ಹೆಗಡೆ, ಪಟೇಲರ ಕಾಲದ ಮನೆ. ಅದರ ಬಾಗಿಲು ಮುಚ್ಚಿದ ಮೇಲೆ ಒಳಗಿದ್ದವರು ಒಂದೇ ಕಡೆ ಹೊರಟರು. ಮೂರನೆಯದು ಸಂಘಟನೆ. ಬಿಜೆಪಿಯ ರಾಜ್ಯ ಕಚೇರಿ ಇರುವುದೇ ಮಲ್ಲೇಶ್ವರದಲ್ಲಿ. ಚುನಾವಣೆ ಇಲ್ಲದ ವರ್ಷವೂ ಬೀದಿ ಬೀದಿಯಲ್ಲಿ ಒಬ್ಬ ಕಾರ್ಯಕರ್ತನ ಪರಿಚಯ ಇರುವ ಪಕ್ಷಕ್ಕೂ, ಟಿಕೆಟ್ ಹಂಚಿದ ಮೇಲೆ ಅಭ್ಯರ್ಥಿ ಹುಡುಕುತ್ತ ಬರುವ ಪಕ್ಷಕ್ಕೂ ಇರುವ ವ್ಯತ್ಯಾಸ ಅದು. ಕಾಂಗ್ರೆಸ್ಸಿನವರು ಬಸವನಗುಡಿಯನ್ನು ಕೈಬಿಟ್ಟ ಬಗೆ ನೋಡಿದರೆ ಅವರೂ ಇದನ್ನು ಕೋಟೆ ಎಂದು ಒಪ್ಪಿಕೊಂಡುಬಿಟ್ಟಂತಿದೆ.

ರಾಜ್ಯದ ಉಳಿದ ಭಾಗ ಮಾತ್ರ ಎರಡು ಮನಸ್ಸನ್ನು ಬಿಟ್ಟಿಲ್ಲ. 2013ರಲ್ಲಿ ವಿಧಾನಸಭೆಗೆ ಕಾಂಗ್ರೆಸ್ಸಿಗೆ 122 ಕೊಟ್ಟ ಜನ ಮರುವರ್ಷ ಲೋಕಸಭೆಗೆ ಬಿಜೆಪಿಗೆ 17 ಕೊಟ್ಟರು. 2023ರಲ್ಲಿ ಕಾಂಗ್ರೆಸ್ಸಿಗೆ 135, ಮರುವರ್ಷ ಬಿಜೆಪಿಗೆ 17, ಜೆಡಿಎಸ್‌ಗೆ 2. ನಾವು ಹಳ್ಳಿಯವರು ಹೀಗೆ ತಿರುಗಿಸಿ ಹಾಕಿದರೆ ಟಿವಿ ಸ್ಟುಡಿಯೋದಲ್ಲಿ ಕೂತವರು 'ಹಣಕ್ಕೆ ಮಾರಿಕೊಂಡರು, ಗ್ಯಾರಂಟಿಗೆ ಬಿದ್ದರು' ಎನ್ನುತ್ತಾರೆ. ಅದೇ ಕೆಲಸ 2004ರಲ್ಲಿ ಬಸವನಗುಡಿ ಮಾಡಿದಾಗ 'ವಿವೇಚನೆ' ಎಂದಿದ್ದರು. ಒಂದೇ ಕೆಲಸಕ್ಕೆ ಎರಡು ಹೆಸರು ಇಡುವುದನ್ನು ಮೊದಲು ನಿಲ್ಲಿಸೋಣ.

ಎರಡು ಮನಸ್ಸಿನ ಓಟು ಎಷ್ಟು ಹರಿತ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬಸವನಗುಡಿಯ ಬಗಲಲ್ಲೇ ಇರುವ ಜಯನಗರದಲ್ಲಿ 2023ರ ವಿಧಾನಸಭಾ ಚುನಾವಣೆ ತೀರ್ಮಾನವಾದದ್ದು 16 ಓಟಿನಿಂದ. ಹದಿನಾರು. ಒಂದು ವಠಾರದ ಓಟು. ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಸೋತರು, ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದರು. ಒಂದೇ ವರ್ಷದ ನಂತರ ಅದೇ ಸೌಮ್ಯಾ ರೆಡ್ಡಿ ಜಯನಗರವೂ ಸೇರಿದ ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ನಿಂತಾಗ ಸೋಲಿನ ಅಂತರ 2.77 ಲಕ್ಷ. ದಿಲ್ಲಿಯ ಓಟು ಬೇರೆ, ಊರಿನ ಓಟು ಬೇರೆ ಎಂಬ ಪ್ರಜ್ಞೆ ಜಯನಗರದಲ್ಲಿ ಇನ್ನೂ ಉಸಿರಾಡುತ್ತಿದೆ. ಪಕ್ಕದ ಬಸವನಗುಡಿಯಲ್ಲಿ ಯಾಕಿಲ್ಲ?

ಇಲ್ಲದಿದ್ದರೆ ಏನು ನಷ್ಟ ಎಂದು ಕೇಳಬಹುದು. ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರನ್ನು ಕೇಳಿ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, ಒಬ್ಬರು 35 ಸಾವಿರ ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಬಸವನಗುಡಿ ಸುತ್ತಿನ ನಿವೃತ್ತರು, ವಿಧವೆಯರು, ಪಿಂಚಣಿ ಬಡ್ಡಿಯಲ್ಲಿ ಔಷಧಿ ತರುತ್ತಿದ್ದವರು ಬೀದಿಗೆ ಬಂದರು. ನಾಯಕರ ಸಭೆಗಳಲ್ಲಿ ಎದ್ದು ನಿಂತು ಕೇಳಿದರು. ಮೂರು ವರ್ಷ ಆ ಸಿಟ್ಟು ಕುದಿಯಿತು. 2023ರಲ್ಲಿ ಬಸವನಗುಡಿಯ ಫಲಿತಾಂಶ ಬಂದಾಗ ಗೆಲುವಿನ ಅಂತರ 50 ಸಾವಿರ ದಾಟಿತ್ತು. ಮಲ್ಲೇಶ್ವರದಲ್ಲಿ ಸ್ಯಾಂಕಿ ಕೆರೆ ರಸ್ತೆಯ ಮೇಲ್ಸೇತುವೆ ಬೇಡ, ಮರ ಕಡಿಯಬೇಡಿ ಎಂದು ನಿವಾಸಿಗಳು ಚುನಾವಣೆಗೆ ಕೆಲವೇ ತಿಂಗಳ ಹಿಂದೆ ರಸ್ತೆಗಿಳಿದಿದ್ದರು. ಅಲ್ಲೂ ಅಂತರ 40 ಸಾವಿರದ ಆಸುಪಾಸು.

ಠೇವಣಿದಾರರು ಬಿಜೆಪಿಯನ್ನು ಸೋಲಿಸಬೇಕಿತ್ತು ಎಂದು ನಾವು ಹೇಳುತ್ತಿಲ್ಲ. ಯಾರಿಗೆ ಓಟು ಹಾಕಬೇಕೆಂಬುದು ಅವರವರ ಇಷ್ಟ. ಬ್ಯಾಂಕ್ ಮುಳುಗಿದ್ದಕ್ಕೆ ಶಾಸಕರೇ ಹೊಣೆ ಎಂದೂ ಅಲ್ಲ. ಆದರೆ ನಮ್ಮ ಕಡೆ ಕಬ್ಬಿನ ಬಾಕಿ ಬರಲಿಲ್ಲವೆಂದರೆ, ಕೆರೆಗೆ ನೀರು ಬಿಡಲಿಲ್ಲವೆಂದರೆ ಗೆದ್ದವನ ಅಂತರ ಹತ್ತು ಸಾವಿರವಾದರೂ ಇಳಿಯುತ್ತದೆ, ಮುಂದಿನ ಸಲ ಅವನ ಎದೆಯಲ್ಲಿ ಒಂದು ನಡುಕ ಇರುತ್ತದೆ. ಆ ನಡುಕವೇ ಊರಿನ ಬಂಡವಾಳ. ಹೇಗಿದ್ದರೂ ಗೆಲ್ಲುತ್ತೇನೆಂಬ ಕಡೆ ಗೆಲ್ಲುವವನಿಗೆ ಅವಸರವಿಲ್ಲ. ಹೇಗಿದ್ದರೂ ಸೋಲುತ್ತೇನೆಂಬ ಕಡೆ ಸೋಲುವವನಿಗೂ ಅವಸರವಿಲ್ಲ. ಚಾಮರಾಜಪೇಟೆಗೂ ಇದೇ ಮಾತು, ಪಕ್ಷ ಮಾತ್ರ ಅದಲುಬದಲು. 2024ರಲ್ಲಿ ಕೇಂದ್ರ ಕ್ಷೇತ್ರದಲ್ಲಿ ಬಿಜೆಪಿ 32,707 ಓಟಿನಿಂದ ಗೆದ್ದಾಗಲೂ ಚಾಮರಾಜಪೇಟೆ ಕಾಂಗ್ರೆಸ್ಸಿಗೇ ಮುನ್ನಡೆ ಕೊಟ್ಟಿತು. ಅಲ್ಲಿನ ಚರಂಡಿ, ಒತ್ತಿಕೊಂಡ ಮನೆಗಳು, ಕುಡಿಯುವ ನೀರಿನ ಬಗ್ಗೆ ಸುದ್ದಿ ಬರುವುದಕ್ಕಿಂತ ಈದ್ಗಾ ಮೈದಾನದ ಸುದ್ದಿ ಹತ್ತು ಪಟ್ಟು ಬಂದಿದೆ. ಎರಡೂ ಕಡೆಯ ನಾಯಕರಿಗೆ ಅದೇ ಅನುಕೂಲ.

ಇದಕ್ಕೆಲ್ಲ ಒಂದು ಸಣ್ಣ ಕಿಟಕಿ ಇತ್ತು: ಕಾರ್ಪೊರೇಷನ್ ಚುನಾವಣೆ. 2015ರ ಆಗಸ್ಟಿನಲ್ಲಿ ಬಿಬಿಎಂಪಿಯ 198 ವಾರ್ಡುಗಳಿಗೆ ಚುನಾವಣೆ ನಡೆದಾಗ ಬಿಜೆಪಿ 100, ಕಾಂಗ್ರೆಸ್ 76 ಗೆದ್ದಿದ್ದವು. ವಾರ್ಡಿನಲ್ಲಿ ಮೋದಿ, ರಾಹುಲ್ ಹೆಸರು ಅಷ್ಟು ನಡೆಯುವುದಿಲ್ಲ, ಕಸದ ಗಾಡಿಯ ಹೆಸರು ನಡೆಯುತ್ತದೆ. 2020ರ ಸೆಪ್ಟೆಂಬರಿನಲ್ಲಿ ಆ ಅವಧಿ ಮುಗಿದ ಮೇಲೆ ಐದು ವರ್ಷ ಬೆಂಗಳೂರಿಗೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ. 2025ರಲ್ಲಿ ಬಿಬಿಎಂಪಿಯನ್ನೇ ಮುಗಿಸಿ ಐದು ಪಾಲಿಕೆ ಮಾಡಿದರು. ಈ ಐದು ವರ್ಷದಲ್ಲಿ ಬಿಜೆಪಿ ಸರ್ಕಾರವೂ ಇತ್ತು, ಕಾಂಗ್ರೆಸ್ ಸರ್ಕಾರವೂ ಇತ್ತು, ಚುನಾವಣೆ ಮಾಡುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆರು ತಿಂಗಳು ತಡವಾದರೆ ಗಲಾಟೆಯಾಗುತ್ತದೆ. ಇಲ್ಲಿ ಐದು ವರ್ಷ ಹೋದರೂ ಗಾಂಧಿ ಬಜಾರಿನಲ್ಲಿ ಕಡಲೆಕಾಯಿ ಪರಿಷೆಯಷ್ಟು ಸದ್ದೂ ಆಗಲಿಲ್ಲ.

ಮತದಾನದ ಪ್ರಮಾಣದ ಬಗ್ಗೆ ಒಂದು ಮಾತು. 2024ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಓಟು ಹಾಕಿದವರು ನೂರಕ್ಕೆ 53ರಷ್ಟು. ಮಂಡ್ಯದಲ್ಲಿ 81 ದಾಟಿತ್ತು. ಇದನ್ನು ಹೇಳಿ ನಗರದವರನ್ನು ಹೀಯಾಳಿಸುವುದು ನಮಗೆ ಸುಲಭ, ಖುಷಿಯೂ ಹೌದು. ಆದರೆ 53ರ ಹಿಂದೆ ಸೋಮಾರಿತನ ಒಂದೇ ಇಲ್ಲ. ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದಿದೆ, ಮನೆಯವರು ಉತ್ತರಹಳ್ಳಿಗೋ ಕನಕಪುರ ರಸ್ತೆಗೋ ಹೋಗಿದ್ದಾರೆ, ಮಗ ಅಮೆರಿಕದಲ್ಲಿದ್ದಾನೆ, ಅಜ್ಜಿ ತೀರಿಕೊಂಡಿದ್ದಾರೆ, ಹೆಸರುಗಳು ಮಾತ್ರ ಪಟ್ಟಿಯಲ್ಲಿ ಹಾಗೇ ಇವೆ. ಆ ಅಪಾರ್ಟ್‌ಮೆಂಟಿನಲ್ಲಿ, ಹಿಂದಿನ ಪಿಜಿಯಲ್ಲಿ ಇರುವ ನಮ್ಮಂಥವರ ಹೆಸರು ಸಿಂಧನೂರಿನಲ್ಲೋ ಅರಸೀಕೆರೆಯಲ್ಲೋ ಇದೆ. ಮತದಾನದ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ನೇತುಬೀಳುವವರು ಯಾರು? ಊರಿನ ಪ್ರಮಾಣ ಏರಿಸುವವರೂ ನಾವೇ, ಬೆಂಗಳೂರಿನ ಬೀದಿಯಲ್ಲಿ ವರ್ಷವಿಡೀ ಬದುಕಿ ಅಲ್ಲಿ ಓಟಿಲ್ಲದವರೂ ನಾವೇ. ಬಸವನಗುಡಿಯ ರಸ್ತೆಗುಂಡಿಗೆ ಬೀಳುವವರಲ್ಲಿ ಎಷ್ಟು ಜನಕ್ಕೆ ಅಲ್ಲಿನ ಎಂಎಲ್ಎಯನ್ನು ಕೇಳುವ ಹಕ್ಕಿದೆ ಎಂದು ಲೆಕ್ಕ ಹಾಕಿದರೆ ಕೋಟೆಯ ಗೋಡೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಮ್ಮೊಳಗೆ ಈ ಬಗ್ಗೆ ಜಗಳವಿದೆ. ಓಟು ಇಲ್ಲಿಗೆ ತಂದುಕೊಳ್ಳಬೇಕೆಂದು ಕೆಲವರು. ತಂದುಕೊಂಡರೆ ಊರಿನಲ್ಲಿ ಹೊಲದ ದಾರಿಯ ಜಗಳಕ್ಕೂ, ಅಪ್ಪನ ಪಿಂಚಣಿಗೂ ನಮ್ಮ ಮಾತು ಕೇಳುವವರಿರುವುದಿಲ್ಲ ಎಂದು ಉಳಿದವರು. ಎರಡೂ ನಿಜ.

ಇನ್ನೊಂದು ವ್ಯತ್ಯಾಸವನ್ನು ನಗರದ ವಿಶ್ಲೇಷಕರು ಗಮನಿಸುವುದೇ ಇಲ್ಲ. ಪ್ರತಿ ಚುನಾವಣೆಯ ನಂತರ ನಮೂನೆ 20 ಎಂಬ ಹಾಳೆ ಬರುತ್ತದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಓಟು ಎಂಬ ವಿವರ. ಕಾಗದದ ಮತಪತ್ರವಿದ್ದಾಗ ಹಲವು ಪೆಟ್ಟಿಗೆಯ ಮತ ಬೆರೆಸಿ ಎಣಿಸುವ ಕ್ರಮವಿತ್ತು. ಯಂತ್ರ ಬಂದ ಮೇಲೆ ಮತಗಟ್ಟೆವಾರು ಲೆಕ್ಕ ಬಯಲು. ಸಾವಿರ ಓಟಿನ ಒಂದು ಮತಗಟ್ಟೆ ಎಂದರೆ ನಮ್ಮಲ್ಲಿ ಒಂದು ಇಡೀ ಊರು, ಅಥವಾ ಊರಿನ ಒಂದು ಕೇರಿ. ಯಾವ ಕೇರಿ ಕೈಕೊಟ್ಟಿತು ಎಂದು ಗೆದ್ದವನಿಗೆ ಎಣಿಕೆಯ ದಿನವೇ ಗೊತ್ತು. ಆಮೇಲೆ ಆ ಕೇರಿಗೆ ಸಿಸಿ ರಸ್ತೆ ಬರುವುದಿಲ್ಲ, ಬೋರ್‌ವೆಲ್ ಬರುವುದಿಲ್ಲ. ಇದನ್ನು ತಪ್ಪಿಸಲು ಹಲವು ಮತಯಂತ್ರಗಳ ಲೆಕ್ಕ ಒಟ್ಟುಗೂಡಿಸುವ ಯಂತ್ರ ಬೇಕೆಂದು ಚುನಾವಣಾ ಆಯೋಗವೇ 2008ರಲ್ಲಿ ಹೇಳಿತ್ತು, ಜಾರಿಯಾಗಲಿಲ್ಲ. ಬಸವನಗುಡಿಯಲ್ಲಿ ಒಂದು ಮತಗಟ್ಟೆ ಎಂದರೆ ಎರಡು ಮೂರು ಬೀದಿ. ಓಟು ಹಾಕದ ಬೀದಿಗೆ ಕಾವೇರಿ ನೀರು ನಿಲ್ಲಿಸಲು ಯಾರಿಂದಲೂ ಆಗದು. ಅಂದರೆ ಭಯವಿಲ್ಲದೆ ತಿರುಗಿಸಿ ಹಾಕುವ ಸ್ವಾತಂತ್ರ್ಯ ಹಳ್ಳಿಯ ಕೇರಿಗಿಂತ ಈ ಬೀದಿಗಳಿಗೆ ಹೆಚ್ಚಿದೆ. ಆ ಸ್ವಾತಂತ್ರ್ಯ ಇರುವವರು ಬಳಸುತ್ತಿಲ್ಲ, ಇಲ್ಲದವರು ಎರಡು ವರ್ಷಕ್ಕೊಮ್ಮೆ ಅಪಾಯ ಮೈಮೇಲೆ ಎಳೆದುಕೊಂಡು ಬಳಸುತ್ತಿದ್ದಾರೆ.

ನಮೂನೆ 20ರ ಹಾಳೆಗಳು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ಮುಂದಿನ ಸಲ ವಾರ್ಡಿನ ಓಟು ನಡೆದಾಗ, ಬಸವನಗುಡಿಗೂ ಚಾಮರಾಜಪೇಟೆಗೂ ಮಲ್ಲೇಶ್ವರಕ್ಕೂ ಒಬ್ಬೊಬ್ಬ ವರದಿಗಾರರನ್ನು ತಾಲ್ಲೂಕಿಗೆ ಕಳಿಸುವಂತೆ ಕಳಿಸಿ ಎಂದು ಸಂಪಾದಕರಲ್ಲಿ ಕೇಳುತ್ತೇವೆ. ಗುಂಡಪ್ಪನವರ ಗೋಖಲೆ ಸಂಸ್ಥೆಯ ಸುತ್ತಿನ ಬೀದಿಗಳಲ್ಲಿ, ಸಾಹಿತ್ಯ ಪರಿಷತ್ತಿನ ಹಿಂದಿನ ಗಲ್ಲಿಗಳಲ್ಲಿ, ಮಾರ್ಗೋಸಾ ರಸ್ತೆಯ ಅಂಗಡಿಗಳಲ್ಲಿ ಕೂತು, 2004ರಲ್ಲಿ ನೀವು ಯಾಕೆ ಹಾಗೆ ಹಾಕಿದ್ದಿರಿ, ಈಗ ಯಾಕೆ ಹೀಗೆ ಹಾಕುತ್ತೀರಿ ಎಂದು ಕೇಳಲಿ. ಅವರ ಜಾತಿಯನ್ನೂ ಕೇಳಲಿ, ನಮ್ಮೂರಲ್ಲಿ ಕೇಳುವ ಹಾಗೆ.